ನಮ್ಮ ಗಿಡ, ನಿಮ್ಮ ಗಿಡ

ನಮ್ಮ ಮನೆಯಲ್ಲಿ ಕನಸು ಹೇಳದೆ ಬೆಳಗಿನ ಚಹಾ ಸಿಗುತ್ತಿರಲಿಲ್ಲ. ಹೀಗೆ ಬರೆದ ಕೂಡಲೇ ನನಗೇ ಅನುಮಾನ. ದಿನಾಲೂ ಹಾಗಿತ್ತೇ? ಹಬ್ಬ ಹುಣ್ಣಿಮೆಗಷ್ಟೇ ಇತ್ತು, ನೀನು ಬೆಳೆಸಿ ಹೇಳುತ್ತೀ ಎನ್ನುತ್ತಾಳೆ ಅಕ್ಕ ಇಂದಿರಾ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ಆದ್ದರಿಂದ ಅವಳ ನೆನಪು ಹೆಚ್ಚು ನಂಬತಕ್ಕದ್ದು ಎಂಬುದು ಅವಳ ವಾದ. ನಾಲ್ಕು ವರ್ಷ ಹೆಚ್ಚು ಸವೆದಿದೆ ಎಂಬುದು ನನ್ನದು. ಆದರೆ ಆಂಟಾಪ್ ಹಿಲ್‌ನ ಆ ಚಾಳಿನ ಎರಡು ಖೋಲಿಗಳ ಬಗ್ಗೆ ನಮ್ಮಿಬ್ಬರಲ್ಲಿ ಜಗಳವಿಲ್ಲ. ಹೊರಗಿನ ಖೋಲಿಯಲ್ಲಿ ಒಂದು ಕಬ್ಬಿಣದ ಮಂಚ, ಅದರ ಮೇಲೆ ಅಜ್ಜಿ. ಒಳಗಿನದರಲ್ಲಿ ಸ್ಟೋವು, ದೇವರ ಗೂಡು, ಮೂಲೆಯಲ್ಲಿ ಗೇಣುದ್ದದ ಕಟ್ಟೆ ಕಟ್ಟಿದ ಮೋರಿ. ಸ್ನಾನಕ್ಕೆ, ಪಾತ್ರೆಗೆ, ಬಟ್ಟೆಗೆ ಅದೊಂದೇ ಜಾಗ. ಬೆಳಿಗ್ಗೆ ಎಲ್ಲರೂ ಒಳಖೋಲಿಯ ಗೋಡೆಗೆ ಬೆನ್ನು ಹಚ್ಚಿ ಕೂತುಕೊಳ್ಳಬೇಕು. ಅವ್ವ ಚಹಾ ಸೋಸಿ ಲೋಟಗಳನ್ನು ಅಜ್ಜಿಯ ಮುಂದೆ ಇಡುವಳು. ಅಜ್ಜಿ ಒಬ್ಬೊಬ್ಬರನ್ನೇ ಕೇಳುವಳು, ಕೇಳಿದ ಮೇಲೆ ಅವರ ಲೋಟ ಮುಂದಕ್ಕೆ ಸರಿಸುವಳು.

ಎಲ್ಲ ಕನಸುಗಳಲ್ಲೂ ಅಜ್ಜಿ ಹುಡುಕುತ್ತಿದ್ದದ್ದು ಗಿಡಗಳನ್ನು. ಹಾವು, ನೀರು, ಸತ್ತವರು, ಇವು ಅವಳಿಗೆ ಸದ್ದುಗದ್ದಲದ ಸರಕು. ಗಿಡ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದಳು. ಗದಗದ ಕಡೆಯ ಕರಿಮಣ್ಣಿನ ಬಯಲಲ್ಲಿ, ನಾಲ್ಕು ಗಿಡಗಳಿದ್ದರೆ ನಾಲ್ಕಕ್ಕೂ ಹೆಸರಿಟ್ಟು ಕರೆಯುವ ಊರಲ್ಲಿ ಹುಟ್ಟಿದವಳು ಅವಳು; ಗಿಡವೊಂದು ಅವಳಿಗೆ ಯಾವತ್ತೂ ಬರೀ ಗಿಡವಾಗಿರಲಿಲ್ಲ. ಹಸಿರು ಗಿಡ ಕಂಡರೆ ಮನೆಗೆ ಗಂಡು. ಹೂಬಿಟ್ಟದ್ದು ಕಂಡರೆ ಹೆಣ್ಣು. ಒಣಗಿದ್ದು ಕಂಡರೆ ಕಂಡವಳೇ ಬಂಜೆ. ಗಿಡ ಹತ್ತಿದರೆ ನೌಕರಿಯಲ್ಲಿ ಬಡ್ತಿ. ನುಗ್ಗೆ ಕಂಡರೆ ಅಣ್ಣತಮ್ಮಂದಿರು ಬೇರೆ. ಆಲ ಬಿದ್ದರೆ ಮನೆಯ ಹಿರಿಜೀವ ಹೋಯಿತು. ಅಪ್ಪ ಒಮ್ಮೆ ಗಿಡ ಹತ್ತಿ ಕೂತ ಕನಸು ಹೇಳಿದ. ಆ ವರ್ಷ ಅವನ ಆಫೀಸಿನಲ್ಲಿ ಬಡ್ತಿ ಸಿಕ್ಕದ್ದು ಅವನ ಕೈಕೆಳಗಿನವನಿಗೆ. ಅಜ್ಜಿ ತಬ್ಬಿಬ್ಬಾಗಲಿಲ್ಲ. ‘ನೀ ಹತ್ತಿದ್ದು ಬೇವಿನ ಗಿಡ ಇರಬೇಕು, ಹೇಳೂದರಾಗ ತಪ್ಪಿದಿ’ ಎಂದಳು. ಅವ್ವ ನನ್ನನ್ನು ಹೊತ್ತಿದ್ದಾಗ ಮೈತುಂಬ ಕೆಂಪು ಹೂ ಬಿಟ್ಟ ಗಿಡ ಕಂಡು, ಬಾಯಿ ತಪ್ಪಿ ಹೇಳಿಬಿಟ್ಟಳಂತೆ. ಎರಡನೆಯದೂ ಹೆಣ್ಣೆಂದು ಅಂದಿನಿಂದ ಅವಳ ಅನ್ನಕ್ಕೆ ತುಪ್ಪ ಬೀಳಲಿಲ್ಲ. ನಾನು ಹುಟ್ಟಿದೆ, ಗಂಡು. ‘ಹೂವಿನ ಹಿಂದ ಕಾಯಿ ಇರತದ, ಇಕಿ ನೋಡಲಿಲ್ಲ’ ಎಂದಳು ಅಜ್ಜಿ. ಮುಂದೆ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುವಾಗ ನಮ್ಮ ಪ್ರಾಧ್ಯಾಪಕರೊಬ್ಬರು ಕನಸಿನ ಮರ ಎಂದರೆ ತಂದೆ, ಅದರ ಟೊಂಗೆ ಮುರಿಯುವುದೆಂದರೆ ಇಂಥದ್ದು ಎಂದು ಹಲಗೆಯ ಮೇಲೆ ಬರೆಯತೊಡಗಿದಾಗ, ಉಳಿದವರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು, ನನಗೆ ಮಾತ್ರ ಚಹಾದ ವಾಸನೆ ಬಂತು. ಕಂಡವನಿಗೆ ತನ್ನ ಕನಸಿನ ಅರ್ಥ ಗೊತ್ತಿರುವುದಿಲ್ಲ, ಕೇಳಿದವನಿಗೆ ಗೊತ್ತಿರುತ್ತದೆ: ಇಷ್ಟು ಒಪ್ಪಿಕೊಂಡರೆ ಸಾಕು, ಮುಂದೆ ಕೇಳಿದವನು ಸೋಲುವ ಪ್ರಶ್ನೆಯೇ ಇಲ್ಲ.

ನನ್ನ ಕಾಕಾ, ಅಪ್ಪನ ತಮ್ಮ ಭೀಮಸೇನ ಚೆಂಬೂರಿನ ಒಂದು ತೈಲ ಕಾರ್ಖಾನೆಯಲ್ಲಿ ಫಿಟ್ಟರ್. ಅವನು ಮದುವೆಯಾಗಿ ತಂದವಳು ಕುಂದಾಪುರದ ಕಡೆಯ ವಾರಿಜಾ, ನಮಗೆ ಕಾಕು. ಅವಳ ತಂದೆ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಭಟ್ಟರು. ಕನ್ನಡದವರೇ, ನಮ್ಮ ಜಾತಿಯವರೇ, ಇನ್ನೇನು ಬೇಕೆಂದು ಅಪ್ಪ ಮುಂದೆ ನಿಂತು ಮಾಡಿಸಿದ ಮದುವೆ. ಕಾಕಾನಿಗೆ ಕಾರ್ಖಾನೆಯ ಕ್ವಾರ್ಟರ್ಸ್ ಸಿಗುವುದಿತ್ತು. ಮದುವೆಯಾದ ಕೂಡಲೇ ಚೆಂಬೂರಿಗೆ ಹೋಗಿ ಬೇರೆ ಇರೋಣ ಎಂದು ಅವನು ಅವಳಿಗೆ ಮಾತು ಕೊಟ್ಟಿದ್ದ. ‘ನಾ ಸತ್ತ ಮ್ಯಾಲೆ ಹೋಗ್ರಿ’ ಎಂದಳು ಅಜ್ಜಿ. ಕಾಕಾ ಅದನ್ನು ಒಂದು ಉತ್ತರವೆಂದು ತಿಳಿದು ಸುಮ್ಮನಾದ. ರಾತ್ರಿ ಒಳಖೋಲಿ ಅವರಿಬ್ಬರಿಗೆ ಬಿಡಲಾಯಿತು. ಅಜ್ಜಿ ಮಂಚ ಬಿಟ್ಟು, ನಡುವಿನ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗತೊಡಗಿದಳು. ಮಂಚದ ಮೇಲೆ ತಿಗಣೆ ಎಂದಳು. ಸೊಸೆ ಮೋರಿಗೆ ಎದ್ದರೂ ಅತ್ತೆಗೆ ಗೊತ್ತಾಗುತ್ತಿತ್ತು. ಆ ಮನೆಯಲ್ಲಿ ಕಾಕು ಕೇಳಿದ್ದು ಒಂದೇ: ತನ್ನದೇ ಒಂದು ಬಾಗಿಲು.

ಮೊದಮೊದಲು ಅವಳಿಗೆ ಕನಸೇ ಬೀಳುತ್ತಿರಲಿಲ್ಲ. ಅಥವಾ ಹೇಳಬೇಕೆಂದು ತಿಳಿದಿರಲಿಲ್ಲ. ಚಹಾದ ಲೋಟ ಆರಿ ಕೆನೆ ಕಟ್ಟುವುದನ್ನು ನಾಲ್ಕಾರು ದಿನ ನೋಡಿದ ಮೇಲೆ ಒಂದು ಬೆಳಿಗ್ಗೆ ಮುಖ ಅರಳಿಸಿಕೊಂಡು ಬಂದು ಕೂತಳು.

“ಇವತ್ತು ನಂಗೂ ಕನಸು ಬಿತ್ತು ಅತ್ತೆ. ನಾನು ಮರ ಹತ್ತಿದ್ದೆ.”

“ಏನ ಹತ್ತಿದ್ದಿ?”

“ಮರ. ದೊಡ್ಡ ಮರ ಉಂಟಲ್ಲ, ಅದು.”

ನಮ್ಮ ಮನೆಯಲ್ಲಿ ಮರ ಎಂದರೆ ಅಕ್ಕಿ ಕೇರುವ ಮರ, ಪುಸ್ತಕದವರ ಮೊರ. ಬೇವು, ಆಲ, ಮಾವು, ನೆಲದಿಂದ ಮುಗಿಲವರೆಗೆ ಬೆಳೆದು ನಿಂತದ್ದೆಲ್ಲ ಗಿಡ. ಅವರ ಕಡೆ ಮುಗಿಲಿಗೆ ನಿಂತದ್ದು ಮರ, ಮೊಣಕಾಲಿಗೆ ನಿಂತದ್ದು ಗಿಡ. ಇದು ಈಗ ಯಾರಿಗೆ ಗೊತ್ತಿಲ್ಲ? ಆದರೆ ಆ ಬೆಳಿಗ್ಗೆ ನಾವು ನಕ್ಕ ನಗೆಗೆ ಗ್ಯಾಲರಿಯಲ್ಲಿ ಹೋಗುತ್ತಿದ್ದ ಮರಾಠಿ ಹೆಂಗಸರು ಬಾಗಿಲಲ್ಲಿ ಇಣುಕಿದರು.

“ಇಂದೀ, ಗ್ವಾಡಿ ಮ್ಯಾಲಿನ ಮರ ತಗೊಂಡ ಬಾ,” ಎಂದಳು ಅಜ್ಜಿ. “ನಿಮ್ಮ ಕಾಕು ಹ್ಯಾಂಗ ಹತ್ತಿದ್ಲಂತ ತೋರಸ್ತಾಳ.”

ಅಕ್ಕ ತಂದು ನೆಲದ ಮೇಲೆ ಇಟ್ಟಳು. ಕಾಕು ತಾನೂ ನಗುತ್ತ, ಹೊಸ ಮನೆಯವರ ತಮಾಷೆಗೆ ಒಪ್ಪಿಕೊಂಡು, ಸೀರೆಯ ನಿರಿಗೆ ಎತ್ತಿ ಅದರ ಮೇಲೆ ಒಂದು ಕಾಲಿಟ್ಟಳು, ಇನ್ನೊಂದು ಕಾಲೂ ಇಟ್ಟಳು. ಬಿದಿರು ಲಟಕ್ಕೆಂದಿತು. ನಗುತ್ತಿದ್ದ ಅಜ್ಜಿಯ ಬಾಯಿ ಹಾಗೇ ಮುಚ್ಚಿಕೊಂಡಿತು.

“ಮದಿವ್ಯಾಗಿ ತಿಂಗಳಾಗಿಲ್ಲ, ಮನಿ ಮರ ಮುರದ್ಲು. ಏ ಹುಡುಗಿ, ಗಿಡ ಅನ್ನು. ಅನ್ನು, ಗಿಡ.”

“ಗಿಡ,” ಎಂದಳು ಕಾಕು.

“ಇನ್ನೊಮ್ಮೆ.”

ಬಾಗಿಲಲ್ಲಿ ನಿಂತ ಹೆಂಗಸರ ಮುಂದೆ ಅವಳಿಂದ ಹಲವು ಸಲ ಅನ್ನಿಸಲಾಯಿತು. ಅಂದಿನಿಂದ ಅವಳು ಬಾಯಿ ಬಿಡುವ ಮೊದಲು ಒಂದು ಕ್ಷಣ ತಡೆಯುವುದನ್ನು ಕಲಿತಳು. ‘ಎಂತ’ ಬಂದ ಕಡೆ ‘ಏನ’ ಹಾಕಿದಳು, ‘ಉಂಟು’ ಹೋಗಿ ‘ಅದ’ ಬಂತು. ಮರ ಪೂರ್ತಿ ಹೋಯಿತು. ಕನಸುಗಳನ್ನೂ ಅವಳು ನಮ್ಮ ಮಾತಿನಲ್ಲೇ ಹೇಳತೊಡಗಿದಳು. ಮಳೆ ನಿಲ್ಲುವ ಹೊತ್ತಿಗೆ ಅವಳು ಬಸುರಿಯಾದಳು, ಮತ್ತು ಕೆಲವು ವಾರ ನಮ್ಮ ಮನೆ ಒಳ್ಳೆಯ ಮನೆಯ ಹಾಗಿತ್ತು. ಅಜ್ಜಿ ಅವಳ ಲೋಟವನ್ನೇ ಎಲ್ಲಕ್ಕಿಂತ ಮೊದಲು ಸರಿಸುತ್ತಿದ್ದಳು, ಹುಣಸೆಹಣ್ಣಿನ ಉಂಡೆ ಮಾಡಿ ಉಪ್ಪು ಹಚ್ಚಿ ಕೈಗೆ ಕೊಡುತ್ತಿದ್ದಳು. ಕಾಕು ಮಾತಾಡುವ ಮೊದಲು ತಡೆಯುವುದನ್ನು ಮರೆತಳು. ಅದೇ ಅವಳಿಗೆ ಮುಳುವಾಯಿತು ಎಂದು ನನಗೆ ಈಗ ಅನ್ನಿಸುತ್ತದೆ.

ಆ ದಿನದ ಕನಸನ್ನು ಅವಳು ಹೇಳಿದ ರೀತಿ ನನಗೆ ನೆನಪಿದೆ, ಅಥವಾ ಆಮೇಲೆ ಅಷ್ಟು ಸಲ ಕೇಳಿದ್ದರಿಂದ ನೆನಪಾಗಿದೆ. ತವರಿನ ಹಿತ್ತಿಲು, ಬಾವಿಕಟ್ಟೆಯ ಪಕ್ಕ ಒದ್ದೆ ನೆಲ. ಅಲ್ಲಿ ಕೂತು ಅವಳು ಒಂದು ಗಿಡ ಕಿತ್ತಳು. ಎಳೆದ ಕೂಡಲೇ ಬಂತು. ಬೇರಿಗೆ ಅಂಟಿದ ಕೆಂಪು ಮಣ್ಣನ್ನು ನೆಲಕ್ಕೆ ಬಡಿದು ಉದುರಿಸಿದಳು. ಮಣ್ಣಿನ ವಾಸನೆ ಎಷ್ಟು ಚಂದ ಇತ್ತೆಂದರೆ ಎಚ್ಚರವಾದ ಮೇಲೂ ಮೂಗಲ್ಲಿತ್ತು. ಇಷ್ಟು ಹೇಳಿ ಅವಳು ಲೋಟಕ್ಕೆ ಕೈ ಚಾಚಿದಳು. ಅಜ್ಜಿ ಲೋಟದ ಬಾಯಿಗೆ ಅಂಗೈ ಮುಚ್ಚಿದಳು.

“ಗಿಡ ಕಿತ್ತಿ?”

“ಹೂಂ.”

“ಬೇರಿನ ಸುದ್ದಾ?”

“ಹೌದು. ಸಲೀಸಾಗಿ ಬಂತು.”

“ಸಲೀಸಾಗಿ,” ಎಂದಳು ಅಜ್ಜಿ. ಚಹಾವನ್ನು ಮೋರಿಗೆ ಚೆಲ್ಲಿ ಎದ್ದುಹೋದಳು.

ಕಾಕುಗೆ ಏನೂ ಅರ್ಥವಾಗಲಿಲ್ಲ, ನಮ್ಮ ಮುಖಗಳನ್ನು ನೋಡಿದಳು. ನಮಗೆ ಅರ್ಥವಾಗಿತ್ತು. ಬೆಳೆದ ಗಿಡವನ್ನು ಬರಿಗೈಯಲ್ಲಿ ಬುಡಮೇಲು ಮಾಡಿದವಳು ವಂಶವನ್ನು ಕೀಳುತ್ತಾಳೆ. ಕನಸಿನಲ್ಲಿ ಅಷ್ಟು ಬಲ ಬರುವುದು ಮನಸ್ಸಿನ ಹಟದಿಂದ. ಅದಾದ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ನಾವು ಶಾಲೆಯಲ್ಲಿದ್ದಾಗ, ಗರ್ಭ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಟ್ಯಾಕ್ಸಿಯಲ್ಲಿ ಬಂದು, ಕಾಕಾನ ಭುಜ ಹಿಡಿದು ಮೆಟ್ಟಿಲು ಹತ್ತಿ ಬಂದ ಅವಳನ್ನು ಅಜ್ಜಿ ಬಾಗಿಲಲ್ಲೇ ಕೇಳಿದಳು:

“ಕಿತ್ತೊಗದ ಬಂದಿ? ಸಲೀಸಾಗಿ ಬಂತ?”

ಆಮೇಲಿನ ತಿಂಗಳುಗಳಲ್ಲಿ ಕಾಕುವಿನ ಕನಸನ್ನು ಯಾರೂ ಕೇಳಲಿಲ್ಲ. ಬೆಳಗಿನ ಸಾಲಿನಲ್ಲಿ ಅವಳಿಗೆ ಜಾಗವಿಲ್ಲ, ಎಲ್ಲರದ್ದೂ ಮುಗಿದ ಮೇಲೆ ಪಾತ್ರೆಯ ತಳದ ಚಹಾ. ಗ್ಯಾಲರಿಯ ಡಾಲ್ಡಾ ಡಬ್ಬಿಯಲ್ಲಿದ್ದ ತುಳಸಿಯ ಹತ್ತಿರ ಅವಳು ಹೋಗಕೂಡದು. ಅಜ್ಜಿ ಈ ಕಥೆಯನ್ನು ತನ್ನ ಹರಕು ಮರಾಠಿಯಲ್ಲಿ ನೆರೆಯವರಿಗೆ ಹೇಳಿದಳು. ಅವರು ಕಾಕುಗೆ ‘ಮಾಳೀಣಬಾಯಿ’ ಎಂದು ಹೆಸರಿಟ್ಟರು, ತೋಟದವಳು. ಮಕ್ಕಳು ಮೆಟ್ಟಿಲಲ್ಲಿ ಅವಳ ಹಿಂದೆ ಹೋಗಿ ‘ಮಾಳೀಣಬಾಯಿ, ಝಾಡ್ ಕಾಢಲಂ ಕಾ?’, ಗಿಡ ಕಿತ್ತೆಯಾ, ಎಂದು ಕೂಗುತ್ತಿದ್ದರು. ಕಾಕು ಅವರ ಕಡೆ ತಿರುಗಿ ನೋಡುತ್ತಿರಲಿಲ್ಲ. ಕಾಕಾನೂ ಒಂದು ಸಲ, ಊಟದ ಹೊತ್ತಿಗೆ, ಬದನೆಕಾಯಿಯ ತೊಟ್ಟು ತಟ್ಟೆಯ ಬದಿಗೆ ಸರಿಸುತ್ತ, ‘ನಮ್ಮ ಮಾಳೀಣಬಾಯಿ ಕಿತ್ತಿದ್ದೇನು ಇದು?’ ಎಂದ. ಅವನಿಗೆ ಅದು ತಮಾಷೆ. ಅಳುವ ಹೆಂಡತಿಗೂ ಬೈಯುವ ತಾಯಿಗೂ ಒಟ್ಟಿಗೆ ಸಲ್ಲುವಂಥದ್ದು ಏನಾದರೂ ಹೇಳಬೇಕಾಗಿತ್ತು, ಅವನಿಗೆ ಹೊಳೆದದ್ದು ಅಷ್ಟೇ. ಅಕ್ಕ ಈ ಮಾತನ್ನು ಅಲ್ಲಗಳೆಯುತ್ತಾಳೆ. ಕಾಕಾ ಅಂಥವನಲ್ಲ ಎನ್ನುತ್ತಾಳೆ. ನಾನು ಆ ತೊಟ್ಟನ್ನು ಕಂಡಿದ್ದೇನೆ. ಕಂಡಿದ್ದೇನೆಂದು ಅನ್ನಿಸುತ್ತದೆ.

ಕೊನೆಗೆ ಅಜ್ಜಿ ಮಾಟುಂಗಕ್ಕೆ ಹೇಳಿಕಳಿಸಿದಳು. ಭಟ್ಟರು ಹೋಟೆಲಿನ ರಜಾದಿನ ಬಂದರು, ಬಿಳಿ ಪಂಚೆ, ಬಾಳೆಎಲೆಯಲ್ಲಿ ಸುತ್ತಿದ ಬನ್ಸ್ ಪೊಟ್ಟಣ. ಅದು ಸಂಜೆಯವರೆಗೆ ಹೊಸ್ತಿಲ ಪಕ್ಕ ಬಿಚ್ಚದೆ ಬಿದ್ದಿತ್ತು. ಮಗಳನ್ನು ಕರೆದುಕೊಂಡು ಹೋಗಿ, ನಮ್ಮ ಹುಡುಗನಿಗೆ ಬೇರೆ ನೋಡುತ್ತೇವೆ ಎಂದಳು ಅಜ್ಜಿ, ಸ್ಟೋವಿಗೆ ಸೀಮೆಎಣ್ಣೆ ಮುಗಿದಿದೆ ಎನ್ನುವ ಧ್ವನಿಯಲ್ಲಿ. ಹಾಗೆ ಇನ್ನೊಂದು ಮದುವೆ ಮಾಡಲು ಕಾನೂನು ಬಿಡುವುದಿಲ್ಲ ಎಂದು ಅಪ್ಪ ಗೊಣಗಿದ. ಅವನನ್ನು ಯಾರೂ ಕೇಳಿರಲಿಲ್ಲ. ಭಟ್ಟರು ತಪ್ಪೇನು ಎಂದು ಕೇಳಿದರು. ಅಜ್ಜಿ ಕನಸು ಹೇಳಿದಳು. ಅವರು ಮಗಳನ್ನು ಒಳಗಿನಿಂದ ಕರೆದು, ನೀನೇ ಹೇಳು ಎಂದರು. ಅವಳು ಹೇಳಿದಳು, ಹಿತ್ತಿಲು, ಬಾವಿಕಟ್ಟೆ, ಒದ್ದೆ ನೆಲ. ಕೇಳುತ್ತ ಕೇಳುತ್ತ ಅವರ ಮುಖದಲ್ಲಿ ಗೆಲುವು ಬಂತು.

“ಅಯ್ಯೋ ಅಮ್ಮ, ಇದು ಎಂತ ಮಾರಾಯ್ರೆ! ಇವಳು ಹೇಳಿದ್ದು ನಮ್ಮ ಗಿಡ, ನಿಮ್ಮ ಗಿಡ ಅಲ್ಲ. ನಮ್ಮಲ್ಲಿ ಗಿಡ ಹೇಳಿದ್ರೆ ಇಷ್ಟೇ ಇಷ್ಟು.” ಅವರು ನೆಲದಿಂದ ಗೇಣೆತ್ತರಕ್ಕೆ ಕೈ ಹಿಡಿದರು. “ಬಾವಿಕಟ್ಟೆ ಹತ್ರ ಕಳೆ ಬರ್ತದೆ, ಅದನ್ನು ಇವಳೇ ಕೀಳ್ತಿದ್ದದ್ದು, ಸಣ್ಣದಿರುವಾಗಿಂದ. ಮರ ಅಲ್ಲವೇ ಅಲ್ಲ. ಮರ ಕೀಳ್ಳಿಕ್ಕೆ ಇವಳು ಎಂತ ಆನೆಯಾ?”

ಯಾರೋ ನಕ್ಕರು, ಅಪ್ಪ ಇರಬೇಕು. ಕಾಕು ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವಳಿಗೆ ತನ್ನ ಮೇಲಿನ ಆರೋಪ ಏನೆಂದು ಪೂರ್ತಿ ತಿಳಿದದ್ದು, ಅದು ಸುಳ್ಳೆಂದು ತಿಳಿದದ್ದೂ ಅದೇ ಗಳಿಗೆಯಲ್ಲಿ. ಕಾಕಾ ಎದ್ದು ನಿಂತು, ‘ಹಂಗಂದ್ರ ಮುಗೀತಲ್ಲವ್ವಾ’ ಎಂದ. ಅಜ್ಜಿ ಭಟ್ಟರ ಕೈಯನ್ನೇ ನೋಡುತ್ತಿದ್ದಳು. ಅವರು ಇನ್ನೂ ಅದನ್ನು ಗೇಣೆತ್ತರದಲ್ಲೇ ಹಿಡಿದಿದ್ದರು.

“ಇಷ್ಟ?” ಎಂದಳು.

“ಇಷ್ಟೇ ಅಮ್ಮ.”

“ಸಣ್ಣ ಸಸಿ.”

“ಹೌದಮ್ಮ, ಸಸಿ.”

“ನಾ ತಪ್ಪ ತಿಳಿದಿದ್ದೆ ಭಟ್ಟರ. ವಂಶ ಕಿತ್ಲು ಅಂದಿದ್ದೆ. ವಂಶ ಅಲ್ಲ. ಈಗ ಬಂದ ಸಸಿ, ಅದನ್ನಷ್ಟ ನೋಡಿ ಕಿತ್ಲು. ಮಣ್ಣ ಬಡದು ಒಗದ್ಲು. ನೀವ ಸಾಕ್ಷಿ ಹೇಳಿದ್ರಿ, ಛಲೋ ಆತು.”

ಭಟ್ಟರ ಕೈ ನಿಧಾನವಾಗಿ ಕೆಳಗೆ ಬಂತು. ಅರ್ಥ ಹೇಳುವವರಿಗೆ ತಪ್ಪು ತೋರಿಸಿದರೆ ಅವರು ಅದನ್ನೂ ಬಳಸಿಕೊಳ್ಳುತ್ತಾರೆ ಎಂಬುದನ್ನು ನಾನು ಕಲಿತದ್ದು ಆಗ. ಬರುವ ಹುಣ್ಣಿಮೆಯ ದಿನ ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ಅವರು ಮೆಟ್ಟಿಲಿಳಿದರು. ಗಿಡಕ್ಕೂ ಮರಕ್ಕೂ ಇರುವ ವ್ಯತ್ಯಾಸ ನಮ್ಮ ಕನ್ನಡ ಶಾಲೆಯ ಪುಸ್ತಕದಲ್ಲೇ ಇತ್ತು. ಗಿಡ ಕಿತ್ತ ಕನಸು ಕೇಳಿದ ದಿನವೇ ಅದನ್ನು ಹೇಳಿ ಅಜ್ಜಿಯಿಂದ ಏಟು ತಿಂದೆ ಎಂದು ನನ್ನ ನೆನಪು. ಹೇಳಿದವಳು, ತಿಂದವಳು ತಾನು ಎಂದು ಅಕ್ಕನ ನೆನಪು. ಅವ್ವ ಮುದುಕಿಯಾದ ಮೇಲೆ ನಾವಿಬ್ಬರೂ ಅವಳ ಮುಂದೆ ಹೋಗಿ ತೀರ್ಮಾನ ಕೇಳಿದೆವು.

“ಇಬ್ಬರೂ ಹೇಳಲಿಲ್ಲ,” ಎಂದಳು ಅವ್ವ. “ನನಗ ಗೊತ್ತಿತ್ತು. ನಮ್ಮ ತವರಮನಿ ಬಾಜೂಕ ಮಂಗಳೂರವರಿದ್ರು, ಅವರ ಮಾತ ತಿಳೀತಿತ್ತು ನನಗ.”

“ಮತ್ತ ಯಾಕ ಸುಮ್ಮನಿದ್ದಿ?”

“ಅಕಿ ಬರೋದಕ್ಕಿಂತ ಮೊದಲ ಎಲ್ಲಾ ನನಗ ಆಗತಿತ್ತು. ಅಕಿ ಬಂದ ಮ್ಯಾಲೆ ನನಗ ಬಿಸಿ ಚಹಾ ಸಿಗಲಿಕ್ಕೆ ಹತ್ತಿತು.”

ಅವಳ ಧ್ವನಿಯಲ್ಲಿ ಪಶ್ಚಾತ್ತಾಪವಿರಲಿಲ್ಲ. ಮಗ ಇಷ್ಟು ಓದಿಯೂ ಇದನ್ನು ಕೇಳಬೇಕೆ ಎಂಬ ಬೇಸರವಿತ್ತು.

ಹುಣ್ಣಿಮೆಗೆ ಇನ್ನೂ ದಿನಗಳಿದ್ದವು. ಒಂದು ಬೆಳಿಗ್ಗೆ, ನಾವೆಲ್ಲ ಗೋಡೆಗೆ ಒರಗಿ ಕೂತಿದ್ದಾಗ, ಕಾಕು ಮೋರಿಯಿಂದ ಎದ್ದು ಬಂದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಸಾಲಿನ ಕೊನೆಯಲ್ಲಿ ಕೂತಳು. ಕೇಳುವವರಿಲ್ಲದೆ ತಾನೇ ಶುರು ಮಾಡಿದಳು. ನಮ್ಮ ಮಾತಿನಲ್ಲಿ ಒಂದು ಅಕ್ಷರ ಎಡವದೆ, ಗದಗದಲ್ಲೇ ಹುಟ್ಟಿದವಳ ಹಾಗೆ.

“ರಾತ್ರಿ ಕನಸ ಬಿದ್ದಿತ್ರಿ ಅತ್ತಿ. ಒಂದು ಆಲದ ಗಿಡ. ದೊಡ್ಡ ಗಿಡ, ನಿಮ್ಮ ಗಿಡ. ಬುಡದಾಗ ಹುಳಾ ಹತ್ತಿತ್ತು. ನಾ ಕೈ ಸುದ್ದಾ ಹಚ್ಚಲಿಲ್ರಿ. ತಾನ ಬಿತ್ತು.”

ಅವ್ವನ ಕೈಯಲ್ಲಿ ಸೋಸುವ ಜಾಳಿಗೆ ನಿಂತಿತು. ಅಜ್ಜಿ ಕೇಳಿದಳು:

“ಯಾವ ಕಡೆ ಬಿತ್ತು?”

“ದಕ್ಷಿಣಕ್ಕ.”

ದಕ್ಷಿಣ ಯಮನ ದಿಕ್ಕು. ಕಾಕು ತನ್ನ ಲೋಟವನ್ನು ತಾನೇ ಎಳೆದುಕೊಂಡು ಚಹಾ ಕುಡಿದಳು. ಅಜ್ಜಿಯದು ಹಾಗೇ ಉಳಿಯಿತು. ಆ ದಿನ ಅವಳು ಊಟ ಮಾಡಲಿಲ್ಲ. ಮರುದಿನ ಮಾಡಿದ್ದು ನಿಲ್ಲಲಿಲ್ಲ. ಬೆಳಗಿನ ವಿಚಾರಣೆ ನಿಂತುಹೋಯಿತು, ಆದರೆ ಕಾಕು ದಿನಾಲೂ ಬಂದು ಕೂತು ಅದೇ ಕನಸನ್ನು ಇನ್ನಷ್ಟು ವಿವರವಾಗಿ ಹೇಳುತ್ತಿದ್ದಳು. ಬಿಳಲುಗಳು ಹರಿಯುವ ಸದ್ದು. ಎದ್ದುಬಂದ ಬೇರಿನ ಕೆಳಗಿನ ಗುಂಡಿ, ಒಬ್ಬರು ಮಲಗುವಷ್ಟು ಉದ್ದ. ಹಾರಿಹೋದ ಕಾಗೆಗಳು. ಅವಳ ಕಣ್ಣಲ್ಲಿ ಸಿಟ್ಟು ಕಾಣಲಿಲ್ಲ. ಒಗೆಯುವ ಬಟ್ಟೆಯನ್ನು ಕಲ್ಲಿಗೆ ಕುಕ್ಕುವಾಗಿನ ಏಕಾಗ್ರತೆ ಇತ್ತು. ಅಜ್ಜಿಯ ಕೆನ್ನೆ ಒಳಗೆ ಹೋಯಿತು. ಡಾಕ್ಟರು ಏನೂ ಇಲ್ಲ ಎಂದರು. ನನಗೆ ಆಗ ಅಜ್ಜಿಯ ಮೇಲೆ ಕನಿಕರ ಹುಟ್ಟಿತು ಎಂದು ಬರೆದರೆ ಚಂದ ಕಾಣುತ್ತದೆ. ಹುಟ್ಟಲಿಲ್ಲ. ನಾವು ಮಕ್ಕಳು ಬೆಳಿಗ್ಗೆ ಬೇಗ ಏಳುತ್ತಿದ್ದೆವು, ಇವತ್ತು ಏನು ಸೇರಿಸುತ್ತಾಳೆಂದು ಕೇಳಲು.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಅಜ್ಜಿ ಗೋಡೆ ಹಿಡಿದುಕೊಂಡು ಮೋರಿಯ ಬಳಿ ಬಂದಳು. ನಳದಲ್ಲಿ ನೀರು ಬರುತ್ತಿತ್ತು, ಕಾಕು ಪೀಪಾಯಿ ತುಂಬುತ್ತಿದ್ದಳು. ಕೆಟ್ಟ ಕನಸನ್ನು ಕಂಡವರೇ ಹರಿಯುವ ನೀರಿಗೆ ಹೇಳಿಬಿಟ್ಟರೆ ಅದು ಫಲಿಸದೆ ಹರಿದುಹೋಗುತ್ತದೆ ಎಂದು ಊರ ಕಡೆ ಒಂದು ಪರಿಹಾರವಿದೆ. ನಾವು ಅದನ್ನು ಅಲ್ಲಿಯವರೆಗೆ ಕೇಳಿರಲೇ ಇಲ್ಲ.

“ವಾರಿಜಾ, ಈ ನೀರಿಗೆ ಹೇಳಿಬಿಡವಾ. ನಿನ್ನ ಕಾಲ ಬೀಳ್ತೀನಿ. ಗಿಡ ಬಿದ್ದಿಲ್ಲ ಅಂತ ಹೇಳಿಬಿಡು, ಹೋಗತದ.”

ಕಾಕು ಕೊಡ ಕೆಳಗಿಟ್ಟಳು.

“ಹಿಂಗ ಹೇಳಿದ್ರ ಹೋಗತದೇನ್ರಿ?”

“ಹೋಗತದ. ನಮ್ಮವ್ವ ಮಾಡತಿದ್ಲು. ಖರೇನ ಹೋಗತದ.”

“ಹಂಗಾರ ಆಗ ನನಗ ಯಾಕ ಹೇಳಲಿಲ್ಲ? ನಾ ಸಸಿ ಕಿತ್ತಾಗ?”

ಅಜ್ಜಿ ನೀರಿನ ಧಾರೆಯನ್ನು ನೋಡಿದಳು. ಅದು ಆಗಲೇ ಸಣ್ಣಗಾಗುತ್ತಿತ್ತು. ಏಳಕ್ಕೆ ನೀರು ಹೋಗುತ್ತದೆ, ಮತ್ತೆ ಬರುವುದು ಮರುದಿನ, ಮರುದಿನ ಹುಣ್ಣಿಮೆ, ಭಟ್ಟರು ಬಂದು ಮಗಳನ್ನೂ ಅವಳ ಕನಸನ್ನೂ ತೆಗೆದುಕೊಂಡು ಹೋಗುತ್ತಾರೆ.

“ಮರತಿದ್ದೆ,” ಎಂದಳು ಅಜ್ಜಿ.

“ನನಗೂ ಮರತದ ಅತ್ತಿ, ಹ್ಯಾಂಗ ಹೇಳಬೇಕಂತ.”

“ನೀರು ಹೊಂಟದಲ್ಲ, ಹೇಳವಾ! ಏನ ಬೇಕು ನಿನಗ?”

“ಅವರನ್ನ ಕೇಳ್ರಿ,” ಎಂದು ಕಾಕು ಗಂಡನ ಕಡೆ ಗದ್ದ ಎತ್ತಿದಳು. ಕಾಕಾ ಬಾಗಿಲಲ್ಲಿ ಹಲ್ಲುಪುಡಿ ಹಚ್ಚಿದ ಬಾಯಲ್ಲಿ ನಿಂತಿದ್ದ. “ಮದಿವಿಗಿಂತ ಮೊದಲ ಅವರು ಏನ ಕೊಡತೀನಿ ಅಂದಿದ್ರು, ಅವರಿಗಾದರೂ ನೆನಪದ ಏನು ಅಂತ.”

ಧಾರೆ ದಾರದಷ್ಟಾಯಿತು. ಅಜ್ಜಿ ಮೋರಿಯ ಕಟ್ಟೆಯ ಮೇಲೆ ಕುಸಿದು ಕೂತಳು.

“ಭೀಮ್ಯಾ, ತಗೋ ನಿನ್ನ ಕ್ವಾರ್ಟರ್ಸ. ಹೋಗ್ರಿ ಚೆಂಬೂರಿಗೆ. ನಾಳೆ ಹೋಗ್ರಿ. ನಾ ಬ್ಯಾಡ ಅನ್ನಂಗಿಲ್ಲ, ದೇವರ ಮುಂದ ಹೇಳತೀನಿ.”

ಕಾಕು ಆಗ ಬಗ್ಗಿದಳು. ನಳದ ಬಾಯಿಗೆ ತುಟಿ ತಾಗುವಷ್ಟು ಹತ್ತಿರ ಹೋಗಿ ಏನೋ ಹೇಳಿದಳು. ನಮ್ಮ ಯಾರಿಗೂ ಕೇಳಲಿಲ್ಲ. ನೀರು ಹನಿಯಾಗಿ ನಿಂತಿತು.

ಕ್ವಾರ್ಟರ್ಸಿನ ಕಾಗದಪತ್ರ ಮುಗಿಯಲು ಸ್ವಲ್ಪ ಕಾಲ ಹಿಡಿಯಿತು. ಭಟ್ಟರು ಬಂದವರು ಮಗಳನ್ನು ಕರೆದೊಯ್ಯದೆ ನಮ್ಮಲ್ಲಿ ಊಟ ಮಾಡಿ ಹೋದರು. ಅಜ್ಜಿಯೇ ಅವರಿಗೆ ತುಪ್ಪ ಬಡಿಸಿದಳು. ಕಾಕು ಮತ್ತೆ ಕನಸು ಹೇಳಲಿಲ್ಲ. ಹೊರಡುವ ದಿನ ಕಾಕಾ ಟ್ರಂಕು, ಹಾಸಿಗೆ ಸುರುಳಿಗಳನ್ನು ಕೆಳಗೆ ಟೆಂಪೋಗೆ ಇಳಿಸುತ್ತಿದ್ದ. ಕಾಕು ಹಣೆಗೆ ಕುಂಕುಮ ಹಚ್ಚಿಸಿಕೊಂಡು ಅಜ್ಜಿಯ ಮಂಚದ ಮುಂದೆ ಬಗ್ಗಿ ನಮಸ್ಕಾರ ಮಾಡಿದಳು. ಅಜ್ಜಿ ಅವಳ ಮುಂಗೈ ಹಿಡಿದುಕೊಂಡಳು, ಬಿಡಲಿಲ್ಲ.

“ಅವತ್ತ ನೀರಿಗೆ ಏನ ಹೇಳಿದಿ?”

“ನೀವು ಹೇಳಂದಿದ್ದ ಹೇಳಿದೆ.”

“ಏನಂತ?”

“ಗಿಡ ಇನ್ನೂ ಬಿದ್ದಿಲ್ಲ ಅಂತ.”

ಕೈ ಬಿಡಿಸಿಕೊಂಡು ಅವಳು ಮೆಟ್ಟಿಲಿಳಿದು ಹೋದಳು. ‘ಇನ್ನೂ’ ಎಂಬ ಮಾತನ್ನು ಕಾಕು ಹೇಳಲೇ ಇಲ್ಲ ಎನ್ನುತ್ತಾಳೆ ಅಕ್ಕ. ‘ಗಿಡ ಬಿದ್ದಿಲ್ಲ’ ಎಂದಷ್ಟೇ ಹೇಳಿದಳಂತೆ, ಒಳ್ಳೆಯ ಮನಸ್ಸಿನಿಂದ, ಮುದುಕಿಗೆ ಸಮಾಧಾನವಾಗಲೆಂದು. ಆ ಒಂದು ಪದ ಓದಿ ಕೆಟ್ಟ ನನ್ನ ತಲೆಯ ಸೇರ್ಪಡೆ. ಇರಬಹುದು. ನಾನು ಮಂಚದ ಕಾಲಿನ ಬಳಿ ನಿಂತಿದ್ದೆ, ಕೆಳಗಿನಿಂದ ಟೆಂಪೋದವನು ಹಾರ್ನ್ ಬಾರಿಸುತ್ತಿದ್ದ. ಅಜ್ಜಿ ಆಮೇಲೆ ಎಷ್ಟೋ ವರ್ಷ ಬದುಕಿದ್ದಳು. ಆ ವರ್ಷಗಳಲ್ಲಿ ಅವಳು ಒಂದು ರಾತ್ರಿಯೂ ಮಲಗಿ ನಿದ್ದೆ ಮಾಡಿದ್ದನ್ನು ನಾನು ನೋಡಲಿಲ್ಲ. ದಿಂಬನ್ನು ಗೋಡೆಗೆ ನಿಲ್ಲಿಸಿ, ಕೂತೇ, ಕಣ್ಣು ಮುಚ್ಚಿಬಂದರೆ ಬೆಚ್ಚಿ ತೆರೆಯುತ್ತಿದ್ದಳು. ಇದನ್ನು ಮಾತ್ರ ಅಕ್ಕನೂ ಒಪ್ಪುತ್ತಾಳೆ.